ಕ್ರೀಡಾ ವೈದ್ಯರನ್ನು ಕೇಳಿ: ಟ್ರಾನ್ಸ್ ಆಟಗಾರರು, ಹಾರ್ಮೋನ್, ನಿಯಮ

ಅಡ್ಮಿನ್: ಇವತ್ತು ಸಂಜೆ ಡಾಕ್ಟರ್ ಮೇಡಂ ಗ್ರೂಪಿನಲ್ಲಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಕ್ರಿಕೆಟ್ ಹುಚ್ಚ: ಟ್ರಾನ್ಸ್ ಮಹಿಳೆಯರು ಮಹಿಳಾ ಕ್ರಿಕೆಟ್ ಆಡಬಹುದಾ ಮೇಡಂ?

ಡಾಕ್ಟರ್: ಹುಡುಗರಾಗಿ ಪ್ರಾಯಕ್ಕೆ ಬಂದ ಮೇಲೆ ಬದಲಾದವರಿಗೆ ಅಂತರರಾಷ್ಟ್ರೀಯ ಪಂದ್ಯದಲ್ಲಿ ಅವಕಾಶ ಇಲ್ಲ. ಐಸಿಸಿ 2023ರ ನವೆಂಬರ್‌ನಲ್ಲಿ ತಂದ ನಿಯಮ. ದೇಶದೊಳಗಿನ ಪಂದ್ಯ ಆಯಾ ಮಂಡಳಿಗೆ ಬಿಟ್ಟದ್ದು.

ಬೆಳಗಿನ ಓಟಗಾರ: ಅಥ್ಲೆಟಿಕ್ಸ್‌ನಲ್ಲಿ? ಗಂಡು ಹಾರ್ಮೋನ್ ಇಳಿಸಿಕೊಂಡರೆ ಶಕ್ತಿ ಸಮ ಆಗುವುದಿಲ್ಲವಾ?

ಡಾಕ್ಟರ್: ವಿಶ್ವ ಮಟ್ಟದಲ್ಲಿ 2023ರ ಮಾರ್ಚ್ 31ರಿಂದ ಅದೇ ನಿಯಮ. ಹಾರ್ಮೋನ್ ಇಳಿದರೆ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಹೆಂಗಸರ ಮಟ್ಟಕ್ಕೆ ಬರುತ್ತದೆ. ಸ್ನಾಯು ನಿಧಾನವಾಗಿ ಕರಗುತ್ತದೆ. ಎತ್ತರ, ಮೂಳೆಯ ಉದ್ದ ಬದಲಾಗುವುದಿಲ್ಲ. ಜಗಳ ಇರುವುದೇ ಇಲ್ಲಿ.

ಪಿಟಿ ಮೇಷ್ಟ್ರು: ನಮ್ಮ ಶಾಲೆಯ ಹುಡುಗಿ, 17 ವರ್ಷ, 400 ಮೀಟರ್ ಓಡುತ್ತಾಳೆ. ದನಿ ಗಡಸು. ಇನ್ನೂ ದೊಡ್ಡವಳಾಗಿಲ್ಲವಂತೆ. ಇವಳು ಟ್ರಾನ್ಸ್, ಟೆಸ್ಟ್ ಮಾಡಿಸಿ ಅಂತ ಎದುರು ಶಾಲೆಯವರು ಗಲಾಟೆ ಮಾಡುತ್ತಿದ್ದಾರೆ. ಭಾನುವಾರ ಜಿಲ್ಲಾ ಮಟ್ಟದ ಓಟ ಇದೆ. ಮೊಣಕಾಲ ಕೆಳಗೆ ಒಂದು ಕಡೆ ಒತ್ತಿದರೆ ನೋವು ಅನ್ನುತ್ತಾಳೆ, ಅದು ಬೇರೆ ವಿಷಯ ಬಿಡಿ.

ಡಾಕ್ಟರ್: ಬೇರೆ ವಿಷಯ ಅಲ್ಲ ಮೇಷ್ಟ್ರೇ. ನೀವೆಲ್ಲ ದನಿ ಕೇಳಿಸಿಕೊಂಡಿರಿ, ನನಗೆ ಭಯ ಆಗಿದ್ದು ಆ ಕಾಲು ನೋವಿಗೆ. ಒಂದೇ ಜಾಗದಲ್ಲಿ ಒತ್ತಿದರೆ ನೋವು ಅಂದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಇವತ್ತಿನಿಂದಲೇ ಓಟ ನಿಲ್ಲಿಸಿ.

ಮುಟ್ಟು ಶುರುವಾಗದಿದ್ದರೆ 15ಕ್ಕೇ ತೋರಿಸಬೇಕಿತ್ತು. ಓಡುವ ಹುಡುಗಿಯರಲ್ಲಿ ಇದಕ್ಕೆ ಎಷ್ಟೋ ಸಲ ಕಾರಣ ಹೊಟ್ಟೆಗೆ ಸಾಲದಿರುವುದು. ಬೆಳಗ್ಗೆ ಬರೀ ಟೀ ಕುಡಿದು ಮೈದಾನಕ್ಕೆ ಬರುತ್ತಾಳಾ? ಮಧ್ಯಾಹ್ನ ಏನು ತಿನ್ನುತ್ತಾಳೆ? ಖರ್ಚಾಗುವಷ್ಟು ಊಟ ಇಲ್ಲದಿದ್ದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಮೂಳೆ ಸವೆಯುತ್ತದೆ. ಆ ನೋವೂ ಮುಟ್ಟೂ ಒಂದೇ ಕಾಯಿಲೆಯ ಎರಡು ತುದಿ ಇರಬಹುದು. ಥೈರಾಯ್ಡ್ ಇರಬಹುದು. ಹುಟ್ಟಿನಿಂದಲೇ ಗರ್ಭಕೋಶ ಬೆಳೆಯದೇ ಇರಬಹುದು. ಕ್ರೋಮೋಸೋಮ್ ವ್ಯತ್ಯಾಸವೂ ಇರಬಹುದು. ಅಂಥ ಕೆಲವರಿಗೆ ಹೊಟ್ಟೆಯೊಳಗೇ ಉಳಿದ ಲೈಂಗಿಕ ಗ್ರಂಥಿಯಲ್ಲಿ ಮುಂದೆ ಗಡ್ಡೆ ಬೆಳೆಯುವ ಅಪಾಯ ಇರುತ್ತದೆ, ಅದಕ್ಕೇ ಪರೀಕ್ಷೆ ಬೇಕು. ಪದಕಕ್ಕಲ್ಲ, ಎದುರು ಶಾಲೆಯವರಿಗಂತೂ ಅಲ್ಲ. ತಾಯಿಯನ್ನು ಕರೆದುಕೊಂಡು ಹೆಂಗಸರ ಡಾಕ್ಟರ್ ಅಥವಾ ಹಾರ್ಮೋನ್ ಡಾಕ್ಟರ್ ಹತ್ತಿರ ಹೋಗಿ. ರಿಪೋರ್ಟ್ ಅವಳದು, ಸ್ಟಾಫ್ ರೂಮಿನದಲ್ಲ.

ಹುಟ್ಟಿನಿಂದ ಹೆಣ್ಣಾಗಿ ಬೆಳೆದವಳನ್ನು ಟ್ರಾನ್ಸ್ ಅನ್ನುವುದೂ ತಪ್ಪು. ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದರು, ಲಿಂಗ ಪರೀಕ್ಷೆ ಮಾಡಿ ಕಿತ್ತುಕೊಂಡರು. ಸುದ್ದಿ ಊರೆಲ್ಲ ಹರಡಿತು. ಒಡಿಶಾದ ಓಟಗಾರ್ತಿ ದ್ಯುತಿ ಚಾಂದ್ ಅವರನ್ನು ಗಂಡು ಹಾರ್ಮೋನ್ ಜಾಸ್ತಿ ಅಂತ 2014ರಲ್ಲಿ ಹೊರಗಿಟ್ಟರು, ಅವರು ಕ್ರೀಡಾ ನ್ಯಾಯಮಂಡಳಿಗೆ ಹೋಗಿ 2015ರಲ್ಲಿ ಆ ನಿಯಮಕ್ಕೇ ತಡೆ ತಂದರು. ಇಬ್ಬರೂ ಟ್ರಾನ್ಸ್ ಅಲ್ಲ.

ಬೆಳಗಿನ ಓಟಗಾರ: ಈಗ ಜೀನ್ ಟೆಸ್ಟ್ ಕಡ್ಡಾಯ ಅಂತಾರಲ್ಲ?

ಡಾಕ್ಟರ್: ವಿಶ್ವ ಅಥ್ಲೆಟಿಕ್ಸ್ 2025ರ ಸೆಪ್ಟೆಂಬರ್ 1ರಿಂದ ತಂದಿದೆ. ಜಿಲ್ಲಾ ಶಾಲಾ ಓಟಕ್ಕಲ್ಲ.

ಜಿಮ್ ಅಣ್ಣ: ಪ್ಯಾರಿಸ್ ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಗಂಡಸು ಬಂದು ಹೆಂಗಸರಿಗೆ ಗುದ್ದಿದ್ದು ಮರೆತುಬಿಟ್ರಾ?

ಕಬಡ್ಡಿ ಅಕ್ಕ: ಆ ಅಲ್ಜೀರಿಯಾದ ಬಾಕ್ಸರ್ ಇಮಾನ್ ಖಲೀಫ್ ಟ್ರಾನ್ಸ್ ಅಲ್ಲ. ಹುಟ್ಟಿದಾಗ ಹೆಣ್ಣೆಂದೇ ದಾಖಲಾಗಿ ಹೆಣ್ಣಾಗಿಯೇ ಬೆಳೆದವರು. ಓದಿ ಬರೀರಿ.

ಜಿಮ್ ಅಣ್ಣ: ನೀವು ಓದಿದ್ದೆಲ್ಲ ಸತ್ಯ, ನಾವು ಓದಿದ್ದು ಸುಳ್ಳು. ಸರಿ ತಾಯಿ.

ಟ್ರಾನ್ಸ್ ಮಹಿಳೆ, ಬೆಂಗಳೂರು: ಮೇಡಂ, ನಾನು ಗಂಡು ಹಾರ್ಮೋನ್ ತಡೆಯಲು ಆಲ್ಡಾಕ್ಟೋನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಮ್ಯಾರಥಾನ್ ಓಡಬೇಕು. ಮಾತ್ರೆ ಬಿಟ್ಟು ಪುದೀನ ಕಷಾಯ ಕುಡಿದರೆ ಹಾರ್ಮೋನ್ ಇಳಿಯುತ್ತದೆ, ದಿನಾ ಎಳನೀರು ಕುಡಿಯಬೇಕು ಅಂತ ಫಾರ್ವರ್ಡ್ ಬಂದಿದೆ. ಇನ್ನೊಂದು, ನಮ್ಮಂಥವರಿಗೆ ಕಬಡ್ಡಿ ಆಡಲು ಎಲ್ಲಿ ಅವಕಾಶ ಇದೆ?

ಡಾಕ್ಟರ್: ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದು ಪೊಟ್ಯಾಶಿಯಂ ಹಿಡಿದಿಡುತ್ತದೆ, ಎಳನೀರಿನಲ್ಲೂ ಪೊಟ್ಯಾಶಿಯಂ ಜಾಸ್ತಿ. ಎರಡೂ ಸೇರಿ ರಕ್ತದಲ್ಲಿ ಏರಿದರೆ ಎದೆಬಡಿತ ಹದಗೆಡುತ್ತದೆ. ರಕ್ತ ಪರೀಕ್ಷೆ ಮಾಡಿಸಿ. ಡೋಪಿಂಗ್ ಪಟ್ಟಿಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಗಳಿಗೆ ನಿಷೇಧ ಇದೆ, ಇದೂ ಅದರಲ್ಲಿದೆ. ಡೋಪಿಂಗ್ ಪರೀಕ್ಷೆ ಇರುವ ಸ್ಪರ್ಧೆಯಾದರೆ ಮೊದಲೇ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಿ. ಆ ಕಷಾಯದ ಫಾರ್ವರ್ಡ್ ಹಾಕಿದವರು ಯಾರು? ಯಾರದೋ ಹೃದಯದ ಜೊತೆ ಆಟ ಆಡಬೇಡಿ.

ಕಷಾಯ ಕೇಂದ್ರ: ಆಯುರ್ವೇದಕ್ಕೆ ಯಾಕೆ ಬೈತೀರಿ? ಮೆಂತ್ಯವನ್ನಾದರೂ ನಂಬ್ತೀರಾ?

ಡಾಕ್ಟರ್: ಸಾರಿಗೆ ಹಾಕಿ.

ಜಿಮ್ ಅಣ್ಣ: ಮೊದಲು ಹೇಳಿ, ಇವರಿಗೆ ಹೆಂಗಸರ ಟೀಮಿನಲ್ಲಿ ಆಡೋ ಹಕ್ಕು ಇದೆಯಾ ಇಲ್ಲವಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಕಬಡ್ಡಿ ಅಕ್ಕ: 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ಟ್ರಾನ್ಸ್ ವೇಟ್‌ಲಿಫ್ಟರ್ ಲಾರೆಲ್ ಹಬ್ಬಾರ್ಡ್ ಮೂರು ಸಲವೂ ಭಾರ ಎತ್ತಲಾಗದೆ ಹೊರಗೆ ಬಂದರು. ಅದನ್ನೂ ಹೇಳಿ ಅಣ್ಣ.

ಜಿಮ್ ಅಣ್ಣ: ಒಬ್ಬರು ಸೋತರು ಅಂತ ನಿಯಮ ಬೇಡವಾ? ನಿಮ್ಮ ಮಗಳ ಜಾಗ ಹೋದಾಗ ಗೊತ್ತಾಗುತ್ತೆ.

ಕಬಡ್ಡಿ ಅಕ್ಕ: ನಮ್ಮ ಮಕ್ಕಳ ವಿಷಯ ಎತ್ತಬೇಡಿ.

ಅಡ್ಮಿನ್: ಇಬ್ಬರೂ ಸುಮ್ಮನಿರಿ.

ಟ್ರಾನ್ಸ್ ಮಹಿಳೆ, ಬೆಂಗಳೂರು: ಕಬಡ್ಡಿ ಪ್ರಶ್ನೆ ಹಾಗೇ ಉಳಿಯಿತು.

ಹೊಸ ಸದಸ್ಯ: ಟ್ರಾನ್ಸ್ ಮಹಿಳೆಯರು ಕ್ರಿಕೆಟ್ ಆಡಬಹುದಾ?

ಡಾಕ್ಟರ್: ಮೇಲೆ ಓದಿ.

ಪಿಟಿ ಮೇಷ್ಟ್ರು: ಮೇಡಂ, ಎಕ್ಸ್‌ರೇ ಮಾಡಿಸಿದೆವು, ನಾರ್ಮಲ್ ಅಂದರು. ಭಾನುವಾರ ಓಡಿಸಬಹುದಲ್ವಾ?

ಡಾಕ್ಟರ್: ಬೇಡ. ಇಂಥ ಬಿರುಕು ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಎಂಆರ್‌ಐ ಮಾಡಿಸಿ. ಊಟದ ಬಗ್ಗೆ ಕೇಳಿದ್ದೆ, ಉತ್ತರ ಬರಲಿಲ್ಲ.