ಹಳೇ ಮಿಲಿಟರಿ ಕೋವಿ: ನಿಮ್ಮ ಪ್ರಶ್ನೆ, ರಿಪೇರಿಯವರ ಉತ್ತರ

ಅಡ್ಮಿನ್: ಮಡಿಕೇರಿ ಕಡೆಯ ಲೈಸೆನ್ಸ್ ಇರುವ ಕೋವಿ ರಿಪೇರಿಯವರು ಇವತ್ತು ಸಂಜೆ ಗುಂಪಿನಲ್ಲಿ ಇರುತ್ತಾರೆ. ಹಳೇ ಮಿಲಿಟರಿ ಕೋವಿಗಳ ಬಗ್ಗೆ ಕೇಳಿ. ಬೆಲೆ, ಮಾರಾಟದ ಮಾತು ಬೇಡ.

ಸೋಮವಾರಪೇಟೆ: ನಮಸ್ಕಾರ ಸಾರ್. ಪ್ರತಿ ವರ್ಷ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಆದ ಮೇಲೆ ನಳಿಗೆಯ ಬಾಯಿ ತುಕ್ಕು ಹಿಡಿಯುತ್ತದೆ. ಯಾಕೆ?

ರಿಪೇರಿಯವರು: ನಮಸ್ಕಾರ. ತೋಕ್ ಪೂವನ್ನು ನಳಿಗೆಯಲ್ಲಿ ಸಿಕ್ಕಿಸಿ ಹಾಗೇ ಬಿಡುತ್ತೀರಿ, ಅಲ್ವಾ? ಹೂವಿನ ನೀರು ಒಳಗೆ ಇಳಿಯುತ್ತದೆ, ಹೊರಗೆ ಸೆಪ್ಟೆಂಬರ್ ಮಳೆ ಬೇರೆ. ಪೂಜೆ ಮುಗಿದ ಸಂಜೆಯೇ ತೆಗೆಯಿರಿ. ಒಣ ಬಟ್ಟೆಯಲ್ಲಿ ಒರೆಸಿ ತೆಳುವಾಗಿ ಗನ್ ಆಯಿಲ್ ಹಚ್ಚಿ. ಗಂಧ ಕುಂಕುಮ ಮರದ ಮೇಲಿರಲಿ, ಕಬ್ಬಿಣಕ್ಕೆ ಬೇಡ.

ಮೈಸೂರು ಹುಡುಗ: ಒಂದು ಫಾರ್ವರ್ಡ್ ಬಂದಿದೆ. ರಾತ್ರಿಯಿಡೀ ಕೋಕಾ ಕೋಲಾದಲ್ಲಿ ನೆನೆಸಿ ಬೆಳಿಗ್ಗೆ ನಿಂಬೆಹಣ್ಣು, ಬೂದಿ ಹಾಕಿ ತಿಕ್ಕಿದರೆ ತುಕ್ಕು ಪೂರ್ತಿ ಹೋಗುತ್ತದಂತೆ.

ರಿಪೇರಿಯವರು: ಮಾಡಬೇಡಿ. ಹಳೇ ಕೋವಿಯ ಮೇಲಿನ ಕಂದು ಬಣ್ಣ, ನೀಲಿ ಬಣ್ಣ ಎರಡೂ ಕಬ್ಬಿಣದ ಆಕ್ಸೈಡ್. ಹುಳಿಗೆ ತುಕ್ಕು ಯಾವುದು, ಬಣ್ಣ ಯಾವುದು ಅಂತ ಗೊತ್ತಾಗುವುದಿಲ್ಲ, ಎರಡನ್ನೂ ತಿನ್ನುತ್ತದೆ. ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ತೀರಾ ಸಣ್ಣ ಉಕ್ಕಿನ ನಾರಿನಿಂದ ಮೆತ್ತಗೆ ಉಜ್ಜಿ. ಉಪ್ಪುಕಾಗದ ಬೇಡವೇ ಬೇಡ. ಕಿರೀಟದ ಗುರುತು, ಇಸವಿ, ನಂಬರ್ ಅಳಿಸಿಹೋದರೆ ಆ ಕೋವಿ ಎಲ್ಲಿಯದು ಅಂತ ಹೇಳಲು ಮತ್ತೇನೂ ಉಳಿಯುವುದಿಲ್ಲ.

ಕಾಫಿತೋಟ: ಅಣ್ಣ, ನಮ್ಮ ಕುಲದ ಹಳೇ ಮನೆ, ಐನ್‌ಮನೆಯ ಅಟ್ಟದಲ್ಲಿ ಒಂದು ಉದ್ದ ಕೋವಿ ಸಿಕ್ಕಿದೆ. ಫೋಟೋ ಹಾಕಿದ್ದೇನೆ. ನಳಿಗೆಗೆ ಮೂರು ಪಟ್ಟಿ, ಬದಿಯ ತಗಡಿನ ಮೇಲೆ ಕಿರೀಟ, ‘ಟವರ್’, 1859 ಅಂತ ಇದೆ. ಕುದುರೆಯ (ಹೊಡೆಯುವ ಸುತ್ತಿಗೆ) ಕೆಳಗೆ ಹಸಿರು ಕಿಲುಬು ಗಟ್ಟಿಯಾಗಿ ಕೂತಿದೆ. ಬಿಸಿ ಮಾಡಿ ತೆಗೆಯಬಹುದಾ?

ರಿಪೇರಿಯವರು: ಬಿಸಿ ಮಾಡಬೇಡಿ. ಮೊದಲು ಅದನ್ನು ಕೆಳಗಿಡಿ, ಬಾಯಿ ಜನರಿಲ್ಲದ ಕಡೆಗಿರಲಿ, ಮಕ್ಕಳನ್ನು ಆಚೆ ಕಳಿಸಿ. ಫೋಟೋ ದೊಡ್ಡದು ಮಾಡಿ ನೋಡಿದೆ. ಕುದುರೆಯ ಕೆಳಗಿನ ಕಬ್ಬಿಣದ ಮೊಳಕೆ, ನಿಪ್ಪಲ್‌ಗೆ ಹಸಿರು ಕಿಲುಬು ಬರುವುದಿಲ್ಲ, ತಾಮ್ರಕ್ಕೆ ಬರುತ್ತದೆ. ಅದು ಕೇಪು (ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಪುಟ್ಟ ತಾಮ್ರದ ಟೋಪಿ) ಅಂತಲೇ ನನಗೆ ಕಾಣುತ್ತಿದೆ. ಕೇಪು ಇಟ್ಟಿದ್ದಾರೆ ಅಂದರೆ ಒಳಗೆ ಈಡು, ಅಂದರೆ ಮದ್ದು ಗುಂಡು ಇದೆ ಅಂತಲೇ ತಿಳಿಯಬೇಕು. ಹಂದಿ ಕಾಯಲು ತುಂಬಿ, ಹಾರಿಸದೆ ಅಟ್ಟಕ್ಕೇರಿಸಿದ ಕೋವಿಗಳು ನಮ್ಮ ಕಡೆ ಈಗಲೂ ಸಿಗುತ್ತವೆ. ಕೇಪಿಲ್ಲದ ಕೋವಿಯಾದರೆ ಕಡ್ಡಿ ಇಳಿಸಿ, ಹೊರಗಿನ ಉದ್ದಕ್ಕೆ ಹೋಲಿಸಿ ನೋಡಬಹುದು. ನಿಮ್ಮದಕ್ಕೆ ಕಡ್ಡಿಯೂ ಹಾಕಬೇಡಿ, ಕುದುರೆಯನ್ನು ಎತ್ತಲೂ ಬೇಡಿ, ಕಿಲುಬು ಕೆರೆಯಲೂ ಬೇಡಿ.

ಕೋವಿ ಮಾತ್ರ ಒಳ್ಳೆಯದು. ಮೂರು ಪಟ್ಟಿ ಅಂದರೆ 1853ರ ಮಾದರಿಯ ಎನ್‌ಫೀಲ್ಡ್ ಇರಬಹುದು, .577 ಬೋರು (ನಳಿಗೆಯ ಒಳ ಅಗಲ, ಇಂಚಿನಲ್ಲಿ), 1857ರಲ್ಲಿ ಕೊಬ್ಬು ಸವರಿದ ತೋಟೆಯ ಗಲಾಟೆ ಎದ್ದದ್ದು ಇದೇ ಕೋವಿಯಿಂದ. 1857ರ ನಂತರ ಭಾರತೀಯ ಸಿಪಾಯಿಗಳಿಗೆ ಅಂತಲೇ ಒಳಗೆ ಗೀರಿಲ್ಲದ ನುಣುಪು ನಳಿಗೆಯವನ್ನೂ ಮಾಡಿದರು, ಹಾಗಾಗಿ ಗೀರಿಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ. ‘ಟವರ್’ ಅಂತ ಕೆತ್ತಿದ ನಕಲಿಗಳೂ ಬೇಕಾದಷ್ಟಿವೆ. ಅದನ್ನೆಲ್ಲ ಈಡು ತೆಗೆದ ಮೇಲೆ ನೋಡೋಣ. ಪೊಲೀಸ್ ಠಾಣೆಗೆ ಈಗಲೇ ಹೇಳಿ, ಅವರು ಒಪ್ಪಿದರೆ ನಾಳೆ ನಾನೇ ಬರುತ್ತೇನೆ. ನೀವು ಬಸ್ಸಿನಲ್ಲಿ ತರಬೇಡಿ.

ಹಾಸನ ಗೌಡ: ಸುಮ್ನೆ ಹೆದರಿಸುತ್ತೀರಿ ಸಾರ್. ನೂರು ವರ್ಷದ ಮದ್ದು ಮಣ್ಣಾಗಿರುತ್ತದೆ.

ರಿಪೇರಿಯವರು: ಆಗಿರುವುದಿಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕ. ಇದರಲ್ಲಿ ಕೊಳೆಯುವುದು ಯಾವುದು ಹೇಳಿ? ಒಣಗಿದ್ದರೆ ಇವತ್ತೂ ಹತ್ತುತ್ತದೆ. ಗೊತ್ತಿಲ್ಲದಿದ್ದರೆ ಇಂಥ ವಿಷಯದಲ್ಲಿ ಬರೆಯಬೇಡಿ.

ವಿರಾಜಪೇಟೆ: ಠಾಣೆ ಯಾಕೆ? ಕೊಡಗಿನಲ್ಲಿ ಯಾರಿಗೂ ಲೈಸೆನ್ಸ್ ಬೇಡ.

ನಿವೃತ್ತ ಸುಬೇದಾರ್: ಯಾರಿಗೂ ಅಲ್ಲ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ. ಸದ್ಯದ ಆದೇಶ 2029ರವರೆಗೆ. ವಿನಾಯಿತಿ ಪತ್ರ ಇರಬೇಕು.

ವಿರಾಜಪೇಟೆ: ನಮಗೆ ನೀವು ಹೇಳಿಕೊಡಬೇಕಾಗಿಲ್ಲ. 1861ರಿಂದ ಇರುವ ಹಕ್ಕು.

ಹಾಸನ ಗೌಡ: ನಮ್ಮ ತೋಟಕ್ಕೂ ಆನೆ ಬರುತ್ತದೆ. ನಮಗೆ ಯಾಕಿಲ್ಲ?

ನಿವೃತ್ತ ಸುಬೇದಾರ್: ಹೈಕೋರ್ಟ್ 2021ರಲ್ಲೇ ತೀರ್ಪು ಕೊಟ್ಟಿದೆ, ವಿನಾಯಿತಿ ಸರಿ ಅಂತ. ಓದಿ.

ಹಾಸನ ಗೌಡ: ಓದಿದ್ದೇನೆ. ಒಪ್ಪಿಲ್ಲ.

ತೀರ್ಥಹಳ್ಳಿ: ಸಾರ್, ನಮ್ಮ ಅಜ್ಜನ ಮಾರ್ಟಿನಿ ಹೆನ್ರಿ ಕೋವಿಯ ಚರ್ಮದ ಪಟ್ಟಿ ಬಿರಿದಿದೆ. ಏನು ಹಚ್ಚಬೇಕು?

ಬೆಂಗಳೂರು: ತಾತ ಸೈನ್ಯದಲ್ಲಿದ್ದರು. .303 ಲೀ ಎನ್‌ಫೀಲ್ಡ್ ಸಂಗ್ರಹಕ್ಕೆ ಬೇಕು. ಲೈಸೆನ್ಸ್ ಸಿಗುತ್ತದಾ?

ರಿಪೇರಿಯವರು: .303 ನಿಷೇಧಿತ ಬೋರು. ಸಾಮಾನ್ಯ ಲೈಸೆನ್ಸಿಗೆ ಇಲ್ಲ. ಅದೇ ಬೋಲ್ಟ್ (ತೋಟೆ ಒಳಗೆ ತಳ್ಳುವ ಅಗುಳಿ) ಬೇಕಿದ್ದರೆ ಇಶಾಪುರ ಸರ್ಕಾರಿ ಕಾರ್ಖಾನೆಯ .315 ನೋಡಿ.

ಮೈಸೂರು ಹುಡುಗ: .303 ನಳಿಗೆ ಬದಲಿಸಿ .315 ಮಾಡಿಕೊಡುತ್ತೀರಾ?

ರಿಪೇರಿಯವರು: ಇಲ್ಲ.

ಬೆಂಗಳೂರು: ಕೆಟ್ಟುಹೋದ ಕೋವಿಯಾದರೆ ಕಾನೂನು ಇಲ್ಲ ಅಂತಾರಲ್ಲ?

ರಿಪೇರಿಯವರು: ಅರ್ಧ ಓದಿದ್ದೀರಿ. ಶಸ್ತ್ರಾಸ್ತ್ರ ಕಾಯ್ದೆ 1959ರ 45ನೇ ಸೆಕ್ಷನ್ನಿನಲ್ಲಿ ಹಳೇ ಮಾದರಿಯ, ಪುರಾತನ ಅಥವಾ ಕೆಟ್ಟ ಆಯುಧಕ್ಕೆ ಬಿಡುವು ಇದೆ. ಆದರೆ ರಿಪೇರಿ ಮಾಡಿದರೂ ಹಾರಬಾರದು ಅಂತಲೂ ಅಲ್ಲೇ ಇದೆ. ಒಂದು ಸ್ಪ್ರಿಂಗ್ ಹಾಕಿದರೆ ಹಾರುವ ಕೋವಿ ಕೋವಿಯೇ.

ಕಾರ್ಕಳ: ಕೇಪಿನ ಕೋವಿ ಹಾರಿಸಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದರೆ ಸಾಕಲ್ವಾ?

ರಿಪೇರಿಯವರು: ಸಾಲದು. ಮದ್ದಿನ ಮಸಿಯಲ್ಲಿ ನೀರು ಹೀರುವ ಉಪ್ಪಿದೆ, ಅದು ಎಣ್ಣೆಯಲ್ಲಿ ಕರಗುವುದಿಲ್ಲ. ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಸೋಮವಾರಪೇಟೆ: ಮರಕ್ಕೆ ವಾರ್ನಿಶ್ ಹೊಡೆಯಲಾ?

ರಿಪೇರಿಯವರು: ಬೇಡ. ಅಗಸೆ ಎಣ್ಣೆ, ಕೈಯಲ್ಲಿ ತೆಳುವಾಗಿ, ಒಣಗಿದ ಮೇಲೆ ಮತ್ತೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ.

ಮಂಡ್ಯ: ತುಕ್ಕಿಗೆ ಕೋಲಾ ಒಳ್ಳೇದು ಅಂತ ವಿಡಿಯೋ ಇದೆ, ಹಾಕಲಾ?

ರಿಪೇರಿಯವರು: ಮೇಲೆ ಓದಿ.

ಮಂಡ್ಯ: ಇಷ್ಟು ಸಿಟ್ಟು ಯಾಕೆ ಸಾರ್, ಕೇಳಿದ್ದು ತಪ್ಪಾ?

ಹಾಸನ ಗೌಡ: ಕೊಡಗಿನವರಿಗೆ ಮಾತ್ರ ಪೂರ್ತಿ ಉತ್ತರ.

ವಿರಾಜಪೇಟೆ: ಗುಂಪು ಬಿಟ್ಟು ಹೋಗಿ ಮತ್ತೆ.

ತೀರ್ಥಹಳ್ಳಿ: ಚರ್ಮದ ಪಟ್ಟಿ ಬಗ್ಗೆ ಕೇಳಿದ್ದೆ ಸಾರ್.

ಕಾಫಿತೋಟ: ಅಣ್ಣ, ಠಾಣೆಗೆ ಫೋನ್ ಮಾಡಿದೆ. ಬೆಳಿಗ್ಗೆ ಬರುತ್ತಾರಂತೆ. ಅಪ್ಪ ಮಾತ್ರ ಒಂದು ಸಲ ಕುದುರೆ ಎತ್ತಿ ನೋಡೋಣ ಅನ್ನುತ್ತಿದ್ದಾರೆ.

ರಿಪೇರಿಯವರು: ಫೋನ್ ಅಪ್ಪನಿಗೆ ಕೊಡಿ. ಈಗಲೇ ಕರೆ ಮಾಡುತ್ತೇನೆ. ಉಳಿದವರು ಇವತ್ತಿಗೆ ಇನ್ನು ಕೇಳಬೇಡಿ.