ಕಚ್ಚಿ ಬಿಟ್ಟಾಗ ಮಾತ್ರ ಚಳುಕು, ಎಕ್ಸ್‌ರೇಯಲ್ಲಿ ಏನೂ ಇಲ್ಲ. ಹಲ್ಲು ಬಿರುಕು ಬಿಟ್ಟಿದೆಯೇ?

ಗೋಟಡಿಕೆ:
ಕೆಳದವಡೆಯ ಬಲಗಡೆ, ಬುದ್ಧಿಹಲ್ಲಿನ ಪಕ್ಕದ ದವಡೆಹಲ್ಲು. ಹಳೆಯ ದೊಡ್ಡ ಬೆಳ್ಳಿ ಫಿಲ್ಲಿಂಗ್ ಇದೆ. ಮೂರು ವಾರದಿಂದ ಚಕ್ಕುಲಿ, ಹುರಿಗಡಲೆ ಅಗಿದರೆ ಕರೆಂಟ್ ಹೊಡೆದ ಹಾಗೆ ಚಳುಕು. ಅದೂ ಕಚ್ಚುವಾಗ ಅಲ್ಲ, ಬಾಯಿ ಬಿಡುವಾಗ. ತಣ್ಣೀರಿಗೆ ಜುಂ ಅಂದು ಎರಡು ಮೂರು ಸೆಕೆಂಡಿಗೆ ನಿಲ್ಲುತ್ತದೆ. ಅನ್ನ ಸಾರಿಗೆ ಏನೂ ಇಲ್ಲ. ಎಕ್ಸ್‌ರೇ ಸರಿಯಾಗಿದೆ ಅಂತಾರೆ ಒಬ್ಬರು, ರೂಟ್ ಕೆನಾಲ್ ಮಾಡಿಸಿ ಅಂತಾರೆ ಇನ್ನೊಬ್ಬರು. ಯಾವುದು ಸರಿ?

ದಂತಪಂಕ್ತಿ (ದಂತವೈದ್ಯೆ):
ಬಾಯಿ ಬಿಡುವಾಗಿನ ನೋವು ಬಿರುಕಿನ ಮುಖ್ಯ ಲಕ್ಷಣ. ಕಚ್ಚಿದಾಗ ಸೀಳು ತುಸು ಬಾಯಿ ತೆರೆಯುತ್ತದೆ, ಬಿಟ್ಟ ತಕ್ಷಣ ಮುಚ್ಚಿಕೊಳ್ಳುತ್ತದೆ. ಹಲ್ಲಿನ ಹೊರಕವಚ ಎನಾಮಲ್, ಅದರ ಕೆಳಗಿನ ಡೆಂಟಿನ್ ಪದರದಲ್ಲಿ ಸಾವಿರಾರು ಸಣ್ಣ ಕೊಳವೆಗಳಿವೆ. ಅವುಗಳೊಳಗಿನ ದ್ರವ ಆಗ ಥಟ್ಟನೆ ಚಲಿಸಿ ನರವನ್ನು ಕೆಣಕುತ್ತದೆ.

ಎಕ್ಸ್‌ರೇ ಸುಳ್ಳು ಹೇಳಿಲ್ಲ, ಅದಕ್ಕೆ ಕಾಣುವುದೇ ಇಲ್ಲ. ದವಡೆಹಲ್ಲಿನ ಬಿರುಕು ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ ಓಡುತ್ತದೆ, ಕಿರಣ ಬರುವುದು ಕೆನ್ನೆಯ ಕಡೆಯಿಂದ. ಮುಚ್ಚಿದ ಪುಸ್ತಕವನ್ನು ರಟ್ಟಿನ ಕಡೆಯಿಂದ ನೋಡಿದರೆ ಹಾಳೆಗಳ ನಡುವಿನ ಸಂದು ಕಂಡೀತೇ? ಸಿಬಿಸಿಟಿ ಸ್ಕ್ಯಾನ್‌ಗೂ (ಹಲ್ಲಿನ 3ಡಿ ಎಕ್ಸ್‌ರೇ) ಕೂದಲೆಳೆಯ ಸೀಳು ದಕ್ಕುವುದು ಕಷ್ಟ. ಲೋಹದ ಫಿಲ್ಲಿಂಗ್ ಇದ್ದರಂತೂ ಚಿತ್ರವೆಲ್ಲ ಗೀಚಿದಂತೆ ಬರುತ್ತದೆ.

ನೀವು ಕೇಳಬೇಕಾದ್ದು ಈ ಪರೀಕ್ಷೆಗಳನ್ನು. ಹಲ್ಲಿನ ಒಂದೊಂದೇ ಮೊನೆಯ ಮೇಲೆ ಪ್ಲಾಸ್ಟಿಕ್ ತುಂಡಿಟ್ಟು ಕಚ್ಚಿಸಿ ಬಿಡಿಸುವುದು. ಯಾವ ಮೊನೆ ಅಲುಗುತ್ತಿದೆ ಎಂದು ಗೊತ್ತಾಗುತ್ತದೆ. ಆಮೇಲೆ ಪಕ್ಕದಿಂದ ಸಣ್ಣ ಬೆಳಕು ಬಿಡುವುದು. ಆಳವಾದ ಬಿರುಕಿದ್ದಲ್ಲಿ ಬೆಳಕು ತಡೆದು ಆಚೆ ಬದಿ ಕತ್ತಲಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹಳೆಯ ಫಿಲ್ಲಿಂಗ್ ತೆಗೆದು ತಳದಲ್ಲಿ ನೀಲಿ ಬಣ್ಣ ಹಚ್ಚಿ ತೊಳೆದು ನೋಡುವುದು. ಫಿಲ್ಲಿಂಗ್ ತೆಗೆಯದೆ ಬಿರುಕು ಎಲ್ಲಿವರೆಗೆ ಹೋಗಿದೆ ಎಂದು ಹೇಳುವುದು ಬರೀ ಅಂದಾಜು. ಒಸಡಿನ ಸುತ್ತ ಆಳವನ್ನೂ ಅಳೆಯಬೇಕು: ಸುತ್ತಲೂ 2–3 ಮಿ.ಮೀ. ಇದ್ದು ಒಂದೇ ಒಂದು ಕಡೆ ಕಡ್ಡಿ 6–7 ಮಿ.ಮೀ. ಇಳಿದರೆ ಸೀಳು ಬೇರಿಗೆ ಇಳಿದಿರುವ ಶಂಕೆ.

ಬೇರುಬಿಳಲು (ರೂಟ್ ಕೆನಾಲ್ ತಜ್ಞ):
ಮೇಲಿನದಕ್ಕೆ ಸೇರಿಸುತ್ತೇನೆ. ತಣ್ಣನೆಯದಕ್ಕೆ ಬಂದ ಜುಂ ಕೆಲವೇ ಸೆಕೆಂಡಿಗೆ ನಿಂತರೆ ನರ ಸುಧಾರಿಸಿಕೊಳ್ಳುವ ಸಾಧ್ಯತೆ ಇದೆ. ಅರ್ಧ ನಿಮಿಷ ದಾಟಿಯೂ ಉಳಿದರೆ, ಬಿಸಿ ಕಾಫಿಗೆ ನೊಂದರೆ, ರಾತ್ರಿ ತಾನಾಗಿ ಎಬ್ಬಿಸಿದರೆ ಸಾಮಾನ್ಯವಾಗಿ ರೂಟ್ ಕೆನಾಲ್ ಬೇಕಾಗುತ್ತದೆ. ನಿಮ್ಮದು ಮೊದಲ ಗುಂಪು, ಆತುರ ಬೇಡ.

ನನ್ನ ಕ್ರಮ: ಫಿಲ್ಲಿಂಗ್ ತೆಗೆದು, ತಾತ್ಕಾಲಿಕ ಸಿಮೆಂಟ್ ತುಂಬಿ, ಕ್ಲಿಪ್ ಹಾಕುವವರು ಬಳಸುವ ಸ್ಟೀಲ್ ಪಟ್ಟಿಯನ್ನು ಹಲ್ಲಿನ ಸುತ್ತ ಅಂಟಿಸುವುದು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಹೊಡೆದ ಹಾಗೆ. ಎದುರು ಹಲ್ಲು ಜೋರಾಗಿ ತಾಗದಂತೆ ಸ್ವಲ್ಪ ತೇಯ್ದು, 2–4 ವಾರ ಕಾಯುವುದು. ನೋವು ಹೋದರೆ ನರ ಉಳಿಸಿಕೊಂಡೇ ಕ್ಯಾಪ್. ಹೋಗದಿದ್ದರೆ ರೂಟ್ ಕೆನಾಲ್, ಆಮೇಲೆ ಕ್ಯಾಪ್. ಅದಕ್ಕೆಂದು ಹಲ್ಲು ತೆರೆದಾಗ ನರದ ಕೋಣೆಯ ನೆಲವನ್ನೇ ಬಿರುಕು ದಾಟಿದ್ದು ಕಂಡರೆ ಹಣ ಸುರಿಯದೆ ಕೀಳಿಸುವುದೇ ಲೇಸು. ಇದನ್ನು ಮುಂಚೆಯೇ ರೋಗಿಗೆ ಹೇಳದವರೇ ಹೆಚ್ಚು, ಜಗಳವೂ ಅಲ್ಲಿಂದಲೇ.

ನರ ಉಳಿಸಿ ಕ್ಯಾಪ್ ಹಾಕಿದವುಗಳಲ್ಲೂ ಐದರಲ್ಲಿ ಒಂದರಷ್ಟಕ್ಕೆ ಮುಂದೆ ರೂಟ್ ಕೆನಾಲ್ ಬೇಕಾಗಬಹುದು. ಆಗ ಕ್ಯಾಪ್‌ನಲ್ಲೇ ತೂತು ಕೊರೆದು ಮಾಡುತ್ತಾರೆ.

ಗೋಟಡಿಕೆ:
ಇಬ್ಬರಿಗೂ ಧನ್ಯವಾದ. ಹೊಸ ಫಿಲ್ಲಿಂಗ್ ಮಾತ್ರ ಹಾಕಿಸಿದರೆ ಸಾಲದೇ? ಅಲ್ಲೀತನಕ ಲವಂಗದೆಣ್ಣೆ? ಮುಂದಿನ ಹಲ್ಲಲ್ಲೂ ಟಾರ್ಚ್ ಬಿಟ್ಟರೆ ಉದ್ದುದ್ದ ಗೆರೆ ಕಾಣುತ್ತವೆ.

ದಂತಪಂಕ್ತಿ:
ಸಾಲದು. ಮೂಳೆ ಮುರಿದರೆ ಕೂಡುತ್ತದೆ, ಹಲ್ಲಿನ ಸೀಳು ತಾನಾಗಿ ಕೂಡದು. ಫಿಲ್ಲಿಂಗ್ ಎರಡು ಗೋಡೆಗಳ ನಡುವೆ ಕೂರುತ್ತದೆ, ಅವುಗಳನ್ನು ಹೊರಗಿನಿಂದ ಬಿಗಿದು ಹಿಡಿಯುವುದಿಲ್ಲ. ಅಗಿಯುವ ಒತ್ತಡಕ್ಕೆ ಸೌದೆಗೆ ಹೊಡೆದ ಬೆಣೆಯಂತಾದರೂ ಆದೀತು. ಮೊನೆಗಳನ್ನು ಮುಚ್ಚುವ ಆನ್‌ಲೇ ಇಲ್ಲವೇ ಪೂರ್ತಿ ಕ್ಯಾಪ್ ಬೇಕು. ಅಷ್ಟು ಹಿಂದಿನ ಹಲ್ಲಿಗೆ ಲೋಹದ್ದಾದರೂ ನಡೆಯುತ್ತದೆ, ಯಾರಿಗೂ ಕಾಣುವುದಿಲ್ಲ. ಪಿಂಗಾಣಿ ಹೊದಿಸಿದ ಕ್ಯಾಪ್‌ಗಿಂತ ಇದಕ್ಕೆ ಹಲ್ಲನ್ನು ಕಡಿಮೆ ತೇಯ್ದರೆ ಸಾಕು.

ಲವಂಗದೆಣ್ಣೆ ಬಿರುಕಿನೊಳಗೆ ಇಳಿಯುವುದಿಲ್ಲ, ಒಸಡನ್ನು ಸುಡುತ್ತದೆ. ಆ್ಯಂಟಿಬಯಾಟಿಕ್ ಕೂಡ ಈ ನೋವಿಗೆ ದಂಡ. ಎಡಗಡೆ ಅಗಿಯಿರಿ. ನಿಮ್ಮ ಹೆಸರು ನೋಡಿಯೇ ಹೇಳುತ್ತೇನೆ, ಗಟ್ಟಿ ಗೋಟು ಅಡಿಕೆ ಕಡಿಯುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ಬೆಳಿಗ್ಗೆ ಎದ್ದಾಗ ದವಡೆ ಬಿಗಿದಿರುತ್ತದೆಯೇ? ಹಾಗಿದ್ದರೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿರಬಹುದು. ಕ್ಯಾಪ್ ಆದ ಮೇಲೆ ರಾತ್ರಿ ಹಲ್ಲಿಗೆ ತೊಡುವ ಗಟ್ಟಿ ಅಕ್ರಿಲಿಕ್‌ನ ನೈಟ್ ಗಾರ್ಡ್ ಮಾಡಿಸಿ. ಮೊದಲೇ ಮಾಡಿಸಿದರೆ ಕ್ಯಾಪ್ ಬಂದಾಗ ಅಳತೆ ಕೂರುವುದಿಲ್ಲ.

ಮುಂದಿನ ಹಲ್ಲಿನ ಗೆರೆಗಳ ಎರಡೂ ಬದಿ ಬೆಳಕು ಹಾಯುತ್ತಿದ್ದರೆ, ನೋವೂ ಇಲ್ಲದಿದ್ದರೆ, ಅವು ಎನಾಮಲ್‌ನ ಮೇಲ್ಗೆರೆಗಳಷ್ಟೆ. ಮುಟ್ಟಿಸಬೇಡಿ.