ಪ್ರಶ್ನೋತ್ತರ: ಲೇಖನದ ಆರಂಭ ನಾಲ್ಕನೇ ಪ್ಯಾರಾದಲ್ಲಿ

ಪ್ರಶ್ನೆ (ಡೊಂಬಿವಲಿ): ನಮಸ್ಕಾರ ಸರ್. ನಮ್ಮ ಸಂಘದ ಸ್ಮರಣ ಸಂಚಿಕೆಗೆ ಕೊಂಕಣ ರೈಲ್ವೆ ಬಗ್ಗೆ ಬರೆದಿದ್ದೇನೆ. ಓದಿದವರೆಲ್ಲ "ಮಾಹಿತಿ ಚೆನ್ನಾಗಿದೆ" ಅಂತಾರೆ, ಆದರೆ ಎರಡನೇ ಪುಟ ಯಾರೂ ದಾಟಿದ ಹಾಗೆ ಕಾಣಲಿಲ್ಲ. ಆರಂಭ ಹೀಗಿದೆ: "ಸಾರಿಗೆಯು ಮಾನವನ ಪ್ರಗತಿಯ ಜೀವನಾಡಿ. 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮದ 741 ಕಿ.ಮೀ. ಮಾರ್ಗವು 1998ರ ಜನವರಿ 26ರಂದು ಸಂಚಾರಕ್ಕೆ ತೆರೆಯಿತು." ಪೂರ್ತಿ ಪ್ರತಿ ಲಗತ್ತಿಸಿದ್ದೇನೆ. ಏನು ಮಾಡಲಿ?

ಉತ್ತರ (ನಿವೃತ್ತ ಉಪಸಂಪಾದಕ, ಮಾಟುಂಗ): ಓದಿದೆ. ಮೊದಲ ವಾಕ್ಯ ತೆಗೆದುಬಿಡಿ. ಅದು ರೈಲಿಗೂ ಆಗುತ್ತದೆ, ಎತ್ತಿನ ಗಾಡಿಗೂ ಆಗುತ್ತದೆ. ಎರಡನೆಯದರಲ್ಲಿ ತಪ್ಪಿಲ್ಲ, ಆದರೆ ನಿಗಮ, ಉದ್ದ, ತಾರೀಕು ಮೂರನ್ನೂ ಒಂದೇ ಉಸಿರಿಗೆ ತುರುಕಿದ್ದೀರಿ. ಓದುವವನಿಗೆ ಇನ್ನೂ ರೈಲಿನ ಮೇಲೆ ಆಸೆಯೇ ಹುಟ್ಟಿಲ್ಲ.

ಈಗ ನಿಮ್ಮದೇ ನಾಲ್ಕನೇ ಪ್ಯಾರಾ ನೋಡಿ: "ಊರಿಗೆ ಹೊರಡುವಾಗ ಅಮ್ಮ ಬಸ್ಸಿಗೆ ಎರಡು ಬುತ್ತಿ ಕಟ್ಟುತ್ತಿದ್ದಳು. ರಾತ್ರಿಗೆ ಪುಳಿಯೋಗರೆ, ಮರುದಿನಕ್ಕೆ ಹಳಸದ ಹಾಗೆ ಚಪಾತಿ, ಚಟ್ನಿಪುಡಿ. ಮತ್ಸ್ಯಗಂಧಾ ರೈಲು ಬಂದ ಮೇಲೆ ಒಂದೇ ಸಾಕಾಯಿತು." ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಜೀವನಾಡಿ ಯಾಕೆ ಸ್ವಾಮಿ! ಮಧ್ಯಾಹ್ನ ಮುಂಬೈಯ ಕುರ್ಲಾದಲ್ಲಿ ಹತ್ತಿದವರು ಬೆಳಗಾಗುವಷ್ಟರಲ್ಲಿ ಉಡುಪಿ ಮುಟ್ಟುವ ಲೆಕ್ಕವೆಲ್ಲ ಆ ಬೇಡವಾದ ಎರಡನೇ ಬುತ್ತಿಯಲ್ಲೇ ಇದೆ. ಅಲ್ಲಿಂದಲೇ ಶುರು ಮಾಡಿ, ಬೆನ್ನಿಗೇ 1998 ಬರಲಿ. 741 ಕಿ.ಮೀ. ಸುರಂಗಗಳ ಪ್ಯಾರಾಕ್ಕೆ ಹೋಗಲಿ, ಬೆಟ್ಟ ಕೊರೆದ ಕಷ್ಟದ ಪಕ್ಕದಲ್ಲಿ ಅದಕ್ಕೆ ತೂಕ ಬರುತ್ತದೆ.

ಆದರೆ ಬುತ್ತಿ ತೋರಿಸಿ ಆಮೇಲೆ ಬರೀ ನಿಗಮದ ಇತಿಹಾಸ ಬಡಿಸಿದರೆ ಓದುಗನಿಗೆ ಟೋಪಿ ಹಾಕಿದ ಹಾಗೆ. ಲೇಖನ ಪ್ರಯಾಣಿಕರದ್ದೋ ಎಂಜಿನಿಯರುಗಳದ್ದೋ, ಮೊದಲು ತೀರ್ಮಾನಿಸಿ. ಎಂಜಿನಿಯರುಗಳದ್ದಾದರೆ ಬುತ್ತಿ ಬೇಡ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗದ ಬಾಯಲ್ಲಿ ಶುರು ಮಾಡಿ, ಆರೂವರೆ ಕಿ.ಮೀ. ಕತ್ತಲು.

ಪ್ರಶ್ನೆ (ಥಾಣೆ): "ನಿಮಗೆ ಗೊತ್ತೇ?" ಅಂತ ಶುರು ಮಾಡಿದರೆ ಹೇಗೆ ಸರ್?

ಉತ್ತರ: ಬೇಡಮ್ಮ. ಗೊತ್ತಿದ್ದವರು ಪುಟ ತಿರುಗಿಸ್ತಾರೆ. ಆ ಪ್ರಶ್ನೆಗೆ ನೀವು ಕೊಡಬೇಕೆಂದಿರುವ ಉತ್ತರವನ್ನೇ ಮೊದಲು ಬರೆಯಿರಿ.

ಡೊಂಬಿವಲಿ: ಪ್ರಯಾಣಿಕರದ್ದೇ ಸರ್. ಆದರೆ ಮೊದಲ ಸಾಲಲ್ಲೇ ಸಂಘದ ಹೆಸರು, ಅಧ್ಯಕ್ಷರ ಹೆಸರು ಬರಬೇಕು ಅಂತ ಸಮಿತಿಯವರ ಹಟ.

ಉತ್ತರ: ಅದಕ್ಕೇ ಸಂಪಾದಕೀಯ ಇರೋದು ಮಾರಾಯ್ರೆ! ಒಪ್ಪದಿದ್ದರೆ ಲೇಖನದ ಮೇಲೆ ದಪ್ಪಕ್ಷರದಲ್ಲಿ ಎರಡು ಸಾಲು ಹಾಕಿಸಿ, ಅಧ್ಯಕ್ಷರು ಅಲ್ಲಿ ಆರಾಮಾಗಿ ಇರಲಿ. ತಿದ್ದಿದ್ದನ್ನು ಇಲ್ಲೇ ಹಾಕಿ, ನೋಡ್ತೇನೆ.